ಖಾನಾವಳಿಯೊಳಗೆ ನಾಲ್ಕು ಧರ್ಮ

ನಮ್ಮ ಅಣ್ಣ ಮೂರು ವರ್ಷದೊಳಗೆ ನಾಲ್ಕು ಧರ್ಮಗಳನ್ನು ಪಾಲಿಸಿ ನೋಡಿದ ಮನುಷ್ಯ. ಹಾಗಂತ ಅವನು ಮತಾಂತರಗೊಂಡ ಎಂದು ತಿಳಿಯಬೇಡಿ. ಕೊರಳೊಳಗಿನ ಲಿಂಗವನ್ನು ಒಂದು ದಿನವೂ ಇಳಿಸಲಿಲ್ಲ, ಬೆಳಗಿನ ಪೂಜೆಯನ್ನು ಒಮ್ಮೆಯೂ ತಪ್ಪಿಸಲಿಲ್ಲ. ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಖಾನಾವಳಿಗೆ ಬಂದು ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕುಳಿತನೆಂದರೆ ಆಗ ಬೌದ್ಧನಾಗುತ್ತಿದ್ದ. ಸಂಜೆ ಬಾಗಿಲು ಹಾಕಿದ ಮೇಲೆ ಮತ್ತೆ ನಮ್ಮವನಾಗುತ್ತಿದ್ದ. ಇದರಿಂದ ದೇವರಿಗೇನೂ ತೊಂದರೆಯಾದಂತೆ ಕಾಣಲಿಲ್ಲ. ತೊಂದರೆಯಾದದ್ದು ನಮಗೆ.

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮದೊಂದು ರೊಟ್ಟಿ ಖಾನಾವಳಿ. ಅಪ್ಪ ಹಾಕಿದ್ದು. ಎಂಬತ್ತರ ದಶಕದ ಆರಂಭದಲ್ಲಿ ಅಪ್ಪ ತೀರಿಕೊಂಡ ಮೇಲೆ ಅದು ನಮ್ಮಿಬ್ಬರ ಕೈಗೆ ಬಂತು. ಅವ್ವ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ, ಒಳಗೆ ರೊಟ್ಟಿ ಬಡಿಯುತ್ತಿದ್ದರು, ನಾನು ಹೊರಗೆ ಬಡಿಸುತ್ತಿದ್ದೆ, ಅಣ್ಣ ಗಲ್ಲೆಯ ಮೇಲೆ ಕುಳಿತು ಓದುತ್ತಿದ್ದ. ಓದುತ್ತಿದ್ದ ಎಂಬುದು ತಮಾಷೆಯ ಮಾತಲ್ಲ. ಎರಡು ಮಕ್ಕಳ ತಂದೆಯಾದ ಮೇಲೆ ಅವನಿಗೆ ಬಿ.ಎ. ಮಾಡುವ ಹುಕಿ ಬಂದಿತ್ತು. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆಗೆ ಮಾತ್ರ ಗುಲ್ಬರ್ಗಾಕ್ಕೆ ಹೋಗಿ ಬರುತ್ತಿದ್ದ. ಎಲ್ಲ ವಿಷಯಗಳಲ್ಲೂ ಪಾಸಾದ, ಒಂದನ್ನು ಬಿಟ್ಟು. ಆ ವಿಷಯದ ಪ್ರಶ್ನೆಪತ್ರಿಕೆಯಲ್ಲಿ ಒಂದು ದೊಡ್ಡ ಪ್ರಶ್ನೆಯಿತ್ತು: ಬೌದ್ಧ, ಕನ್‌ಫ್ಯೂಷಿಯನ್, ತಾವೋ ಮತ್ತು ಇಸ್ಲಾಂ ಧರ್ಮಗಳ ಮೂಲ ನಂಬಿಕೆಗಳನ್ನು ಹೋಲಿಸಿರಿ.

ಅಣ್ಣ ಏನು ಬರೆದಿದ್ದ ಗೊತ್ತೇ? ಸತ್ಯ ಹೇಳಬೇಕು, ಕಳವು ಮಾಡಬಾರದು, ಎಲ್ಲರನ್ನೂ ಪ್ರೀತಿಸಬೇಕು ಎಂದು ನಾಲ್ಕು ಸಲ ಬರೆದು, ಪ್ರತಿ ಸಲ ಧರ್ಮದ ಹೆಸರನ್ನಷ್ಟೇ ಬದಲಾಯಿಸಿ ಬಂದಿದ್ದ. ಒಂದೇ ಬೋಗುಣಿಯ ಸಾರನ್ನು ನಾಲ್ಕು ವಾಟಿಗೆ ಹಾಕಿ ನಾಲ್ಕು ಸಾರು ಎಂದು ಬಡಿಸಿದರೆ ಯಾವ ಗಿರಾಕಿ ಸುಮ್ಮನಿರುತ್ತಾನೆ? ಪರೀಕ್ಷೆಯವರೂ ಸುಮ್ಮನಿರಲಿಲ್ಲ. ನಪಾಸು ಮಾಡಿದರು.

ಬೇರೆ ಯಾರಾದರೂ ಆಗಿದ್ದರೆ ಒಂದು ಗೈಡು ತಂದು ಬಾಯಿಪಾಠ ಮಾಡಿ ಮುಗಿಸುತ್ತಿದ್ದರು. ಅಣ್ಣ ನನ್ನನ್ನು ಕರೆದು ಕೂರಿಸಿಕೊಂಡ.

"ತಮ್ಮಾ, ನೀ ಹುಟ್ಟಿದಾಗಿಂದ ಬದನಿಕಾಯಿ ತಿಂದಿಲ್ಲ ಅನ್ಕೋ. ಎಣ್ಣಿಗಾಯಿನೂ ಭರ್ತಾನೂ ಹೋಲಿಸಿ ಬರಿ ಅಂದ್ರ ಹ್ಯಾಂಗ ಬರೀತಿ?"

"ಬರಿಯಾಕ ಆಗಂಗಿಲ್ಲ."

"ಆತಿಲ್ಲೋ ಮತ್ತ. ಮೊದಲು ತಿಂದು ನೋಡಬೇಕು."

"ಪುಸ್ತಕ ಓದಿದ್ರ ಸಾಲಂಗಿಲ್ಲೇನು?"

"ಪುಸ್ತಕ ಅಂದ್ರ ತಾಟು. ತಾಟು ನೆಕ್ಕಿದ್ರ ಹೊಟ್ಟಿ ತುಂಬತದೇನು?"

ಹೀಗೆ ಶುರುವಾಯಿತು ನಮ್ಮ ಗ್ರಹಚಾರ. ಆಗ ನನಗೆ ಹೆಣ್ಣು ನೋಡುತ್ತಿದ್ದರು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಅನುಭವಿಸಿದವನು ನಾನೇ.

ಮೊದಲು ಬೌದ್ಧ ಧರ್ಮ. ಆಸೆಯೇ ದುಃಖಕ್ಕೆ ಮೂಲ ಎಂಬುದು ಅಣ್ಣನಿಗೆ ತುಂಬ ಹಿಡಿಸಿತು. ತನ್ನ ಆಸೆಗಳನ್ನು ಬಿಡುವುದಕ್ಕೆ ಮುಂಚೆ ಗಿರಾಕಿಗಳ ಆಸೆಗಳನ್ನು ಬಿಡಿಸಲು ಹೊರಟ. ಖಾನಾವಳಿ ಅಂದರೆ ಹೊಟ್ಟೆ ತುಂಬುವವರೆಗೂ ಊಟ, ಅದು ಅಪ್ಪನ ಕಾಲದಿಂದ ಬಂದ ಪದ್ಧತಿ. ಒಂದು ದಿನ ಎತ್ತು ಮಾರಲು ಸಂತೆಗೆ ಬಂದಿದ್ದ ರೈತನೊಬ್ಬ "ಇನ್ನೊಂದು ರೊಟ್ಟಿ ಹಾಕ್ರಿ" ಅಂದ. ಅಣ್ಣ ಗಲ್ಲೆಯಿಂದಲೇ ಕೈ ಎತ್ತಿ ನನ್ನನ್ನು ತಡೆದ.

"ಯಜಮಾನ್ರ, ಸ್ವಲ್ಪ ಕಣ್ಮುಚ್ಚಿ ವಿಚಾರ ಮಾಡ್ರಿ. ಇದು ಹಸಿವೋ, ಆಸೆಯೋ?"

ರೈತ ಪಾಪ ಕಣ್ಣು ಮುಚ್ಚಿ ವಿಚಾರ ಮಾಡಿದ. "ಹಸಿವು ಇರಬೇಕ್ರಿ."

"ಇಷ್ಟ್ ರೊಟ್ಟಿ ತಿಂದ ಮ್ಯಾಲೆ ಹಸಿವು ಇರಂಗಿಲ್ರಿ. ಉಳದದ್ದು ಬರೇ ಆಸೆ."

"ಆಸೀನ ಇರ್ಲಿ ಬಿಡ್ರಿ," ಅಂದ ರೈತ. "ಅದಕ್ಕೂ ಒಂದು ಹಾಕ್ರಿ."

ನಾನು ಹಾಕಿದೆ. ಅಣ್ಣ ನನ್ನನ್ನು ಅತ್ಯಂತ ಕರುಣೆಯಿಂದ ನೋಡಿದ. ಆ ಕರುಣೆಯ ನೋಟಕ್ಕಿಂತ ಬೈಗುಳ ಎಷ್ಟೋ ವಾಸಿಯಿತ್ತು.

ಅದಾದ ಮೇಲೆ ಮಧ್ಯಮ ಮಾರ್ಗ. ಅತಿಯಾದ ಭೋಗವೂ ಬೇಡ, ಅತಿಯಾದ ತಪಸ್ಸೂ ಬೇಡ, ನಡುವಿನ ದಾರಿ ಹಿಡಿಯಬೇಕು. ಒಳ್ಳೆಯ ಮಾತೇ. ಆದರೆ ಅಣ್ಣ ಅದನ್ನು ತಂದು ಕಡಲೆಹಿಟ್ಟಿನ ಝುಣಕಕ್ಕೆ ಹಚ್ಚಿದ. ಖಾರ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂದು ವೈನಿಗೆ ತಾಕೀತು ಮಾಡಿದ. ನಮ್ಮ ಕಡೆ ಮಂದಿಗೆ ಖಾರದಲ್ಲಿ ಮಧ್ಯಮ ಮಾರ್ಗ ಉಂಟೇ? ಲಾರಿ ಡ್ರೈವರನೊಬ್ಬ ಒಂದು ತುತ್ತು ಬಾಯಿಗಿಟ್ಟು, "ಮನ್ಯಾಗ ಯಾರಿಗರೆ ಆರಾಮ ಇಲ್ಲೇನ್ರಿ?" ಎಂದು ಕಾಳಜಿಯಿಂದ ಕೇಳಿದ. ರೋಗಿಯ ಪಥ್ಯ ತಪ್ಪಿ ತನ್ನ ತಾಟಿಗೆ ಬಂದಿದೆ ಎಂದು ತಿಳಿದಿದ್ದ.

ಇದೇ ಹೊತ್ತಿಗೆ ಹಿರೋಳ್ಳಿಯಿಂದ ಹೆಣ್ಣಿನ ತಂದೆ ವರನನ್ನು ನೋಡಲು ಬಂದರು. ಒಳ್ಳೆಯ ಮನೆತನ. ಚಹಾ ಆಯಿತು, ಮಳೆ ಬೆಳೆಯ ಮಾತಾಯಿತು. ಕೊನೆಗೆ ಅವರು ಅಣ್ಣನ ಕಡೆ ತಿರುಗಿ, "ನಿಮ್ಮ ತಮ್ಮನ ಬಗ್ಗೆ ನೀವು ಹಿರಿಯರು ಒಂದು ಮಾತು ಹೇಳ್ರಿ" ಅಂದರು. ಅಣ್ಣ ಕುಳಿತಲ್ಲೇ ನೆಟ್ಟಗಾದ.

"ಹುಟ್ಟು ದುಃಖ ಅದರಿ. ಮುಪ್ಪು ದುಃಖ, ಸಾವು ದುಃಖ. ಬೇಕಾದವರಿಂದ ಅಗಲೂದು ದುಃಖ, ಬ್ಯಾಡಾದವರ ಕೂಡ ಬಾಳೂದು ಅದಕಿಂತ ದುಃಖ. ಇನ್ನ ಮದುವಿ ಅಂದ್ರ ಏನಂತ ನೀವ ತಿಳಕೋರಿ."

ಹಿರೋಳ್ಳಿಯವರು ಸ್ವಲ್ಪ ಹೊತ್ತು ತಿಳಿದುಕೊಂಡರು. "ಮನ್ಯಾಗ ವಿಚಾರ ಮಾಡಿ ಹೇಳಿ ಕಳಸ್ತೀವ್ರಿ" ಎಂದು ಎದ್ದರು. ಅವರ ವಿಚಾರ ಇನ್ನೂ ಮುಗಿದಿಲ್ಲ.

ಅವ್ವ ತಲೆ ಮೇಲೆ ಕೈ ಹೊತ್ತು ಕುಳಿತಳು. ಅಣ್ಣನಿಗೂ ಬೇಸರವಾಗಿರಬೇಕು, ಬೌದ್ಧ ಧರ್ಮ ತಿಳಿಯಿತು ಎಂದು ಹೇಳಿ ಚೀನಾಕ್ಕೆ ಹೋದ. ಕನ್‌ಫ್ಯೂಷಿಯಸ್ ಎಂಬ ಹೆಸರು ನಮ್ಮ ಬೀದಿಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಪಕ್ಕದ ಅಂಗಡಿಯ ಟೇಲರ್ ಮಹಬೂಬ ಸಾಬರು ಅಣ್ಣನ ಹಳೆಯ ಗೆಳೆಯರು. ಅವರು ಬಹಳ ದಿನ ಆ ಮಹಾನುಭಾವರನ್ನು ಕಾನಪೂರದವರೆಂದೇ ತಿಳಿದಿದ್ದರು. "ಕಾನಪೂರದ ಅಜ್ಜಾರು ಇವತ್ತೇನ್ ಅಂದಾರ್ರಿ?" ಎಂದು ದಿನಾ ಬೆಳಿಗ್ಗೆ ವಿಚಾರಿಸುತ್ತಿದ್ದರು.

ಈ ಅಜ್ಜನ ಮಾತು ಬೇರೆಯೇ. ದುಃಖದ ಗೊಡವೆಯಿಲ್ಲ, ಸತ್ತ ಮೇಲೆ ಏನು ಎಂಬ ಚಿಂತೆಯೂ ಇಲ್ಲ. ಇರುವಷ್ಟು ದಿನ ನಡತೆ ನೆಟ್ಟಗಿರಬೇಕು. ಅರಸ ಅರಸನಂತೆ, ತಂದೆ ತಂದೆಯಂತೆ, ಮಗ ಮಗನಂತೆ ಇದ್ದರೆ ಲೋಕ ತಾನಾಗಿ ಸರಿಯಾಗುತ್ತದೆ. ಅಣ್ಣ ಅಣ್ಣನಂತೆ ಮತ್ತು ತಮ್ಮ ತಮ್ಮನಂತೆ ಇರಬೇಕು ಎಂಬುದೂ ಅದರಲ್ಲಿತ್ತು. ನಮ್ಮಣ್ಣನಿಗೆ ಇಡೀ ಚೀನಾದಲ್ಲಿ ಬಹಳ ಇಷ್ಟವಾದದ್ದು ಅದೇ. ಅವನು ಒಳಗೆ ಬಂದರೆ ನಾನು ಎದ್ದು ನಿಲ್ಲಬೇಕು. ಎರಡೂ ಕೈಯಲ್ಲಿ ಸಾರಿನ ಬಕೆಟು ಹಿಡಿದು ಬಗ್ಗಿದವನು ಎಷ್ಟು ಸಲ ನೆಟ್ಟಗಾಗಬೇಕು, ಹೇಳಿ?

ಒಂದು ಮಧ್ಯಾಹ್ನ ತಂದೆ ಮಗ ಇಬ್ಬರು ಊಟಕ್ಕೆ ಬಂದರು. ಸೊಲ್ಲಾಪುರದ ಬಸ್ಸು ಹಿಡಿಯುವ ಅವಸರ. ನಾನು ಇಬ್ಬರ ತಾಟಿಗೂ ಬಡಿಸಲು ಹೋದರೆ ಅಣ್ಣ ಬಿಡಲಿಲ್ಲ. ತಂದೆಯ ಊಟ ಆಗುವವರೆಗೆ ಮಗ ಕೈ ಕಟ್ಟಿ ಕೂಡಬೇಕಂತೆ. ಮುದುಕನಿಗೆ ಹಲ್ಲಿಲ್ಲ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಹಿಚುಕಿ, ಒಸಡಿನಿಂದ ಅರೆದು ನುಂಗಬೇಕು. ಎದುರಿಗೆ ಬಸ್ಸು ಹಾರ್ನು ಹೊಡೆದು ಹೊರಟೇ ಹೋಯಿತು. ಮಗ ಖಾಲಿ ತಾಟಿನ ಮುಂದಿನಿಂದ ಎದ್ದು, "ನಿಮ್ಮ ಖಾನಾವಳಿಗೆ ಇನ್ನ ಅಪ್ಪನ ಕರಕೊಂಡು ಬರಂಗಿಲ್ರಿ" ಅಂದ. ಪಿತೃಭಕ್ತಿ ಹೆಚ್ಚಿಸಲು ಹೋಗಿ ಇದ್ದದ್ದನ್ನೂ ಕೆಡಿಸಿದ್ದೆವು.

ಕಾನಪೂರದ ಅಜ್ಜನದು ಇನ್ನೊಂದು ಬೋಧನೆಯಿತ್ತು. ಯಾವುದಕ್ಕೆ ಯಾವ ಹೆಸರೋ ಅದು ಹಾಗೆಯೇ ಇರಬೇಕು, ಹೆಸರು ತಪ್ಪಿದರೆ ರಾಜ್ಯ ಕೆಡುತ್ತದೆ. ಗಿರಾಕಿಯೊಬ್ಬ "ಇನ್ನಷ್ಟು ಬ್ಯಾಳಿ" ಎಂದಾಗ ಅಣ್ಣ ಎಲ್ಲರಿಗೂ ಕೇಳುವಂತೆ, "ಇವತ್ತಿಂದು ಬ್ಯಾಳಿ ಅನ್ನಬ್ಯಾಡ್ರಿ, ಬ್ಯಾಳಿ ನೀರು ಅನ್ರಿ" ಅಂದುಬಿಟ್ಟ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ವೈನಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಹೆಸರು ಬರೋಬರ್ ಇರಬೇಕಲ್ರೀ ನಿಮಗ? ಹಂಗಾರ ಗಲ್ಲೆದ ಮ್ಯಾಲೆ ಕುಂತು ಪುಸ್ತಕ ಓದಾವರಿಗೆ ಮಾಲಕರು ಅನ್ನೂದು ಬಿಡ್ರಿ. ಬ್ಯಾರೆ ಹೆಸರು ನಾ ಹೇಳ್ತೇನಿ."

ಅವರು ಹೇಳಲಿಲ್ಲ. ಆದರೆ ಊಟಕ್ಕೆ ಕುಳಿತವರೆಲ್ಲ ಮನಸ್ಸಿನಲ್ಲೇ ಒಂದೊಂದು ಹೆಸರು ಯೋಚಿಸಿದ್ದು ಮುಖದ ಮೇಲೆ ಕಾಣುತ್ತಿತ್ತು.

ಈ ಕಾಲದಲ್ಲಿ ಇಜೇರಿಯ ಸಂಬಂಧ ಬಂತು. ಖರೆ ಹೇಳುತ್ತೇನೆ, ಅವತ್ತು ಅಣ್ಣನನ್ನು ನೋಡಿ ನನಗೇ ಹೆಮ್ಮೆಯಾಯಿತು. ಬಂದವರ ಕಾಲಿಗೆ ತಾನೇ ನೀರು ಕೊಟ್ಟ. ವಯಸ್ಸು ವಿಚಾರಿಸಿ, ಹಿರಿಯರನ್ನು ಹಿರಿಯರ ಜಾಗದಲ್ಲಿ, ಕಿರಿಯರನ್ನು ಕಿರಿಯರ ಜಾಗದಲ್ಲಿ ಕೂರಿಸಿದ. ಹೆಣ್ಣಿನ ತಂದೆಗೆ ಕಣ್ಣು ತುಂಬಿ ಬಂತು. "ಇಂಥಾ ಮರ್ಯಾದಸ್ಥ ಮನಿ ನಾ ನೋಡಿಲ್ರಿ. ಬರೂ ತಿಂಗಳ ಕಾರ್ಯ ಮುಗಿಸಿಬಿಡೂಣು" ಅಂದರು. ನಾನು ಬಾಗಿಲ ಹಿಂದೆ ನಿಂತು ಕನ್‌ಫ್ಯೂಷಿಯಸ್‌ಗೆ ಮನಸಾರೆ ಕೈ ಮುಗಿದೆ.

"ಬರೂ ತಿಂಗಳ ಆಗಂಗಿಲ್ರಿ," ಅಂದ ಅಣ್ಣ. "ತಂದಿ ಸತ್ತರ ಮಗ ಮೂರು ವರ್ಷ ಶೋಕದಾಗ ಇರಬೇಕು. ನಮ್ಮ ಅಪ್ಪಾರು ಹೋಗಿ ಇನ್ನ ಮೂರು ವರ್ಷ ತುಂಬಿಲ್ಲ."

ಅವ್ವ ಪಡಸಾಲೆಗೆ ನುಗ್ಗಿ ಬಂದಳು. "ಏನ್ ಮಾತಂತ ಆಡಾಕತ್ತೀಯೋ? ಲಿಂಗೈಕ್ಯ ಆದವರಿಗೆ ನಮ್ಮಾಗ ಸೂತಕ ಎಲ್ಲಿದೋ? ನಿಮ್ಮಪ್ಪನ ಹೆಂಡ್ತಿ ನಾ ಹೇಳಾಕತ್ತೇನಿ, ಶೋಕ ಮುಗದದ."

"ಅವ್ವಾ, ಇದು ಸೂತಕ ಅಲ್ಲ, ಗೌರವ."

ಇಜೇರಿಯವರು ನಿಧಾನಕ್ಕೆ ರುಮಾಲು ಸರಿಮಾಡಿಕೊಂಡರು. "ಚೀನಾದವರು ಹೂಂ ಅನ್ನೂತನಕ ಮಗಳನ ಮನ್ಯಾಗ ಇಟಗೊಂಡು ಕೂಡಾಕ ಆಗಂಗಿಲ್ರಿ" ಎಂದು ಹೇಳಿ, ಬಂದ ಜೀಪಿನಲ್ಲೇ ಹೋದರು.

ಅವತ್ತು ನಾನು ಅಣ್ಣನ ಜೊತೆ ಜಗಳ ಮಾಡಿದೆ. ತಮ್ಮ ತಮ್ಮನಂತೆ ಇರಬೇಕೆಂಬ ನಿಯಮ ಮುರಿದು, ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಪರೀಕ್ಷೆ ಒಂದು ಕಡೆ, ನನ್ನ ಬಾಳ್ವೆ ಒಂದು ಕಡೆ, ಯಾವುದು ದೊಡ್ಡದು ಎಂದು ಕೇಳಿದೆ. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. "ಖರೆ ಅದ ತಮ್ಮಾ. ಇನ್ನ ನಿನ್ನ ಮದುವಿ ಮಾತಿನಾಗ ನಾ ಬಾಯಿ ಹಾಕಂಗಿಲ್ಲ" ಅಂದ. ಪಶ್ಚಾತ್ತಾಪವಾಯಿತು ಎಂದು ತಿಳಿದು ನಾನು ಕರಗಿದೆ. ಆಮೇಲೆ ಗೊತ್ತಾಯಿತು, ಅವನಾಗಲೇ ತಾವೋ ಧರ್ಮಕ್ಕೆ ಹೋಗಿದ್ದ.

"ತಾವೋ ಅಂದ್ರೇನ್ರಿ, ತವಾ ಏನು?" ಎಂದು ಮಹಬೂಬ ಸಾಬರು ಕೇಳಿದರು. ಖಾನಾವಳಿಯವನು ತವಾದ ಧರ್ಮ ಹಿಡಿಯುವುದು ಅವರಿಗೆ ಸಹಜವಾಗಿಯೇ ಕಂಡಿತ್ತು. ತಾವೋ ಅಂದರೆ ದಾರಿ. ಲೋಕ ತನ್ನ ದಾರಿಯಲ್ಲಿ ತಾನು ನಡೆಯುತ್ತದೆ, ಅದರ ನಡುವೆ ಕೈ ಹಾಕಬಾರದು. ನಿಯಮ, ಮರ್ಯಾದೆ ಎಂದು ಜಗ್ಗಾಡಿದಷ್ಟೂ ಕೆಡುತ್ತದೆ. ನೀರನ್ನು ನೋಡಿ ಕಲಿಯಬೇಕು, ಮೆತ್ತಗಿರುತ್ತದೆ, ತಗ್ಗಿಗೆ ಹರಿಯುತ್ತದೆ, ಆದರೂ ಕಲ್ಲನ್ನು ಸವೆಸುತ್ತದೆ. ನಿನ್ನೆಯವರೆಗೆ ಕುಳಿತಲ್ಲಿ ನಿಂತಲ್ಲಿ ನಿಯಮ ಹೇಳುತ್ತಿದ್ದವನು ಇವತ್ತು ಏನೂ ಹೇಳುವುದೇ ಇಲ್ಲ. ಬಸ್ಸು ಬಂದು ನಿಂತರೆ "ಊಟಕ್ಕ ಬರ್ರಿ" ಎಂದು ಕೂಗುವುದು ಬಿಟ್ಟ. ಬರುವವರು ತಾವಾಗಿ ಬರುತ್ತಾರಂತೆ. ಅವರು ತಾವಾಗಿ ಎದುರಿನ ಹೋಟೆಲಿಗೆ ಹೋದರು.

ನಮ್ಮೂರಲ್ಲಿ ನಳದ ನೀರು ಯಾವಾಗ ಬರುತ್ತದೆಂಬುದು ಯಾವ ಧರ್ಮಕ್ಕೂ ತಿಳಿಯದ ಸಂಗತಿ. ಒಂದು ಮಧ್ಯಾಹ್ನ ಬಂತು. ಅಡುಗೆಮನೆಯ ಹಂಡೆಗೆ ಪೈಪು ಬಿಟ್ಟು, ತುಂಬಿದ ಕೂಡಲೇ ಬಂದ್ ಮಾಡಿರಿ ಎಂದು ವೈನಿ ಅಣ್ಣನಿಗೆ ಹೇಳಿ ಮನೆಗೆ ಹೋದರು. ಹಂಡೆ ತುಂಬಿತು. ನೀರು ಉಕ್ಕಿತು. ಅಣ್ಣ ಸ್ಟೂಲಿನ ಮೇಲೆ ಕುಳಿತು ಅದು ಹರಿಯುವ ಚೆಲುವನ್ನು ನೋಡುತ್ತಿದ್ದ. ನಾನು ಸಂತೆಯಿಂದ ಬಂದು, "ಬಂದ್ ಮಾಡಬಾರದೇನು?" ಎಂದು ಕಿರುಚಿದರೆ, "ಫಿಕರ್ ಮಾಡಬ್ಯಾಡ, ನೀರಿಗೆ ತನ್ನ ದಾರಿ ತನಗ ಗೊತ್ತದ" ಅಂದ. ಅಷ್ಟರಲ್ಲಿ ವೈನಿ ಬಂದು ಉಗ್ರಾಣದ ಬಾಗಿಲು ತೆಗೆದರು.

"ಹೌದ್ರಿ," ಅಂದರು ಒಳಗಿನಿಂದ. "ದಾರಿ ಸಿಕ್ಕದ. ಜ್ವಾಳದ ಹಿಟ್ಟಿನ ಚೀಲದಾಗ ಅದ."

ಇಂಥ ಮನುಷ್ಯನನ್ನು ಕರೆದುಕೊಂಡು ಅತನೂರಿಗೆ ಹೆಣ್ಣು ನೋಡಲು ಹೋಗಬೇಕಾಯಿತು. ಹಿರಿಯನೆಂದು ಬೇರೆ ಯಾರಿದ್ದರು? ದಾರಿಯುದ್ದಕ್ಕೂ ಅವ್ವ, "ಬಾಯಿ ತಗೀಬ್ಯಾಡ, ಬಾಯಿ ತಗೀಬ್ಯಾಡ" ಎಂದು ಹೇಳುತ್ತಲೇ ಬಂದಳು. ಆ ಮಾತಿನ ಅಗತ್ಯವೇ ಇರಲಿಲ್ಲ. ಅಣ್ಣ ಅಲ್ಲಿ ಕಂಬಕ್ಕೆ ಒರಗಿ ಕುಳಿತವನು ತುಟಿ ಬಿಚ್ಚಲಿಲ್ಲ. ಹೆಣ್ಣಿನ ತಂದೆ ಹೊಲದ ಬಗ್ಗೆ ಹೇಳಿದರು, ಕಬ್ಬಿನ ಬಗ್ಗೆ ಹೇಳಿದರು, ತೀರಿಕೊಂಡ ಹೆಂಡತಿಯ ಬಗ್ಗೆ ಹೇಳಿದರು. ಅಣ್ಣ ಸುಮ್ಮನೆ ಕೇಳಿದ. ಹೊರಡುವಾಗ ಅವರು ಅವ್ವನ ಹತ್ತಿರ ಬಂದು, "ಇಲ್ಲೀತನಕ ಬಂದವರೆಲ್ಲ ತಮ್ಮದ ಬಡಾಯಿ ಹೇಳಿ ಹ್ವಾದ್ರು ನೋಡ್ರಿ. ನನ್ನ ಮಾತು ಪೂರಾ ಕೇಳಿದವರು ನಿಮ್ಮ ದೊಡ್ಡ ಮಗ ಒಬ್ರ. ಹೆಣ್ಣು ನಿಮ್ಮದ" ಅಂದರು.

ನನ್ನ ಮದುವೆಯಾಯಿತು. ಏನೂ ಮಾಡದೆಯೇ ಎಲ್ಲ ಆಗುತ್ತದೆ ಎಂಬುದಕ್ಕೆ ಅಣ್ಣ ಇವತ್ತಿಗೂ ನನ್ನ ಹೆಂಡತಿಯನ್ನೇ ಸಾಕ್ಷಿ ಹೇಳುತ್ತಾನೆ.

ಆ ಬೇಸಿಗೆಯಲ್ಲೇ ರಂಜಾನ್ ಬಂತು. ಇಸ್ಲಾಂ ಒಂದೇ ಉಳಿದಿತ್ತು. ಅದಕ್ಕೆ ಚೀನಾದವರೆಗೆ ಹೋಗಬೇಕಾಗಿರಲಿಲ್ಲ, ಪಕ್ಕದ ಅಂಗಡಿಯವರೆಗೆ ಹೋದರೆ ಸಾಕಿತ್ತು. ಅಣ್ಣ ಮಹಬೂಬ ಸಾಬರ ಮಷೀನಿನ ಪಕ್ಕದಲ್ಲಿ ಕುಳಿತು ಹಣೆಬರಹದ ಬಗ್ಗೆ, ಕಯಾಮತ್ತಿನ ಕೊನೆಯ ದಿನದ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳತೊಡಗಿದ. ಸಾಬರು ಬಾಯಲ್ಲಿದ್ದ ಸೂಜಿ ತೆಗೆದು, "ನನಗ ಅಷ್ಟು ಇಲ್ಮ್ ಇದ್ರ ಮೌಲ್ವಿ ಆಗತಿದ್ನಿ ಅಣ್ಣಾರ, ಕಾಲರ್ ಹಚಗೋತ ಯಾಕ ಕೂಡತಿದ್ನಿ?" ಅಂದರು. ಕೊನೆಗೆ ಅಣ್ಣನೇ ಪುಸ್ತಕ ನೋಡಿ ಅವರಿಗೆ ಹೇಳಿದ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ. ಅವನ ಇಚ್ಛೆಗೆ ತಲೆಬಾಗಬೇಕು, ದಿನಕ್ಕೆ ಐದು ಸಲ ಪ್ರಾರ್ಥಿಸಬೇಕು, ಗಳಿಸಿದ್ದರಲ್ಲಿ ಬಡವರ ಪಾಲು ತೆಗೆದಿಡಬೇಕು, ರಂಜಾನಿನಲ್ಲಿ ಹಗಲೆಲ್ಲ ಉಪವಾಸದ ರೋಜಾ ಇರಬೇಕು. ಬುದ್ಧ ದೇವರ ಮಾತೇ ಎತ್ತಲಿಲ್ಲ, ಚೀನಾದವರಿಬ್ಬರು ಅವನನ್ನು ದೂರದಲ್ಲಿಟ್ಟರು, ಇಲ್ಲಿ ಎಲ್ಲವೂ ಅವನಿಂದಲೇ ಶುರು ಎಂದು ಅಣ್ಣ ಹೋಲಿಸಿ ತೋರಿಸಿದ. "ಅದು ನನಗ ಗೊತ್ತದರಿ" ಅಂದರು ಸಾಬರು ಸ್ವಲ್ಪ ಬೇಸರದಿಂದ.

ಅಣ್ಣ ರೋಜಾ ಹಿಡಿದ. ಅವ್ವ ಜಾತಿಯ ಮಾತು ತೆಗೆಯಲಿಲ್ಲ. ಇವನು ಹುಟ್ಟಿದಾಗ ಆಳಂದದ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬಂದವಳು ಅವಳೇ. ಅವಳ ಚಿಂತೆ ಬಿಸಿಲಿನದು, ಮಗನ ಪಿತ್ತದ್ದು. ನನ್ನ ಚಿಂತೆ ಬೇರೆ. ಖಾನಾವಳಿಯ ಗಲ್ಲೆಯ ಮೇಲೆ, ಎಣ್ಣೆಗಾಯಿಯ ಘಮಘಮದ ನಡುವೆ, ನೀರೂ ಕುಡಿಯದೆ ಕುಳಿತ ಮನುಷ್ಯನ ಮುಖ ನೋಡಿದ ಗಿರಾಕಿಗಳು ಗಂಟಲಿನಲ್ಲಿ ತುತ್ತು ಇಳಿಸುವುದು ಹೇಗೆ? ಒಬ್ಬ "ಮಜ್ಜಿಗಿ ಹುಳಿ ಆಗ್ಯಾವ" ಎಂದಾಗ ಅಣ್ಣ, "ಮಜ್ಜಿಗಿ ಕುಡಿಯಾಕರೆ ಸಿಕ್ಕದಲ್ಲ ನಿನಗ" ಎಂದು ಗುಡುಗಿದ. ಸಾಬರು ಗೋಡೆಯಾಚೆಯಿಂದ, "ರೋಜಾದಾಗ ಸಿಟ್ಟಿಗೇಳಬಾರದ್ರಿ ಅಣ್ಣಾರ" ಅಂದರು.

"ಹಂಗಂತ ಯಾವ ಪುಸ್ತಕದಾಗ ಅದ?"

"ಪುಸ್ತಕದ್ದು ಗೊತ್ತಿಲ್ರಿ. ನಮ್ಮ ಅಮ್ಮೀಜಾನ ಹಂಗ ಹೇಳಿ ಹೊಡೀತಿದ್ಲು."

ಆದರೂ ಒಂದು ಮಾತು ಒಪ್ಪಬೇಕು. ನಮ್ಮ ಖಾನಾವಳಿಯಲ್ಲಿ ಗೌಡರು ಸಾಹುಕಾರರು ಬಂದರೆ ಕೂರಲು ಒಳಗೊಂದು ಬೇರೆ ಟೇಬಲ್ಲು ಇತ್ತು. ನಮಾಜಿನ ಸಾಲಿನಲ್ಲಿ ಹಮಾಲನ ಭುಜಕ್ಕೆ ಸಾಹುಕಾರನ ಭುಜ ತಾಗುವುದನ್ನು ನೋಡಿ ಬಂದ ದಿನವೇ ಅಣ್ಣ ಅದನ್ನು ಎತ್ತಿಸಿ ಎಲ್ಲರಿಗೂ ಒಂದೇ ಉದ್ದನೆಯ ಬೆಂಚು ಹಾಕಿಸಿದ. "ಇದನ್ನ ಮಾಡಾಕ ಇಷ್ಟ್ ದೂರ ಸುತ್ತಿ ಬರಬೇಕಾಗಿತ್ತೇನ್ರಿ? ಬಸವಣ್ಣ ಮನಿ ಬಾಗಿಲದಾಗ ಹೇಳಿದ್ನಲ್ಲ" ಎಂದು ವೈನಿ ಕೇಳಿದರು. ರಂಜಾನ್ ಮುಗಿಯಿತು. ಬೆಂಚು ಮಾತ್ರ ಉಳಿಯಿತು.

ಮುಂದಿನ ಪರೀಕ್ಷೆಗೆ ಹೋದ. ಪುಣ್ಯಕ್ಕೆ ಅದೇ ಪ್ರಶ್ನೆ ಬಂದಿತ್ತು. ಮೂರು ಧರ್ಮಗಳ ಬಗ್ಗೆ ಕೈ ನೋಯುವಷ್ಟು ಬರೆದೆನೆಂದು ಬಂದು ಹೇಳಿದ. "ತಾವೋ?" ಅಂದೆ. ಅದಕ್ಕೆಂದು ಒಂದು ಹಾಳೆ ಖಾಲಿ ಬಿಟ್ಟು ಬಂದಿದ್ದನಂತೆ. ಬರೆದರೆ ಅದು ತಾವೋ ಅಲ್ಲವಂತೆ. ಮತ್ತೆ ನಪಾಸು.

ಬಿ.ಎ. ಅಲ್ಲಿಗೇ ನಿಂತರೂ ಉಪದೇಶ ನಿಲ್ಲಲಿಲ್ಲ. ಯಾರ ಮನೆಯಲ್ಲಿ ಏನಾದರೂ ಅಣ್ಣ ಹೋಗಿ ಯಾವುದಾದರೊಂದು ಧರ್ಮದ ಮಾತು ಹೇಳಿ ಬರುತ್ತಿದ್ದ. ಸತ್ತವರ ಮನೆಯ ಕಟ್ಟೆಯ ಮೇಲೆ ಇವನು ಕುಳಿತದ್ದು ಕಂಡರೆ ಜನ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು.

ಮರುವರ್ಷ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ಅತನೂರಿಗೆ ಹೋದಳು. ಗಂಡು ಮಗುವಾಯಿತು. ನಾನು ಹೋಗಿ ನೋಡಿ ಬಂದೆ. ಒಂದು ವಾರ ಕಳೆಯುವುದರೊಳಗೆ ಮಗು ಹೋಯಿತೆಂದು ಸುದ್ದಿ ಬಂತು. ಸಿಕ್ಕ ಬಸ್ಸು ಹಿಡಿದು ಓಡಿದೆ. ಮಣ್ಣು ಕೊಟ್ಟು ಬಂದಾಗ ಅವಳು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅಳಲಿಲ್ಲ, ಮಾತಾಡಲಿಲ್ಲ, ಅನ್ನ ಮುಟ್ಟಲಿಲ್ಲ. ಓಣಿಯ ಹೆಂಗಸರೆಲ್ಲ ಬಂದು, ಮರೆತುಬಿಡವ್ವಾ, ವಯಸ್ಸು ಸಣ್ಣದಿದೆ, ಮತ್ತೆ ಆಗುತ್ತವೆ ಎಂದು ಹೇಳಿ ಹೋದರು. ನನಗೂ ಅದೇ ಮಾತು ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣ ಬಸ್ಸಿನಿಂದ ಇಳಿದು ಬರುವುದು ಕಂಡಿತು. ಇವನು ಈಗ ಬಾಯಿ ತೆರೆದರೆ ಇಲ್ಲಿಂದಲೇ ತಿರುಗಿಸಿ ಕಳಿಸುತ್ತೇನೆಂದು ಅಂಗಳಕ್ಕೆ ಇಳಿದೆ. ಮಾವನವರು ನನಗಿಂತ ಮುಂಚೆ ಹೋಗಿ ಅವನ ಕೈ ಹಿಡಿದರು.

"ನೀವು ಓದಿದವರಿದ್ದೀರಿ. ಆಕಿಗೆ ಏನರೆ ಒಂದು ಸಮಾಧಾನದ ಮಾತು ಹೇಳ್ರಿ."

ಅಣ್ಣ ಬಾಯಿ ತೆರೆದ, ಮುಚ್ಚಿದ. "ನನಗೇನೂ ಗೊತ್ತಿಲ್ರೀ" ಅಂದ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವಳಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತ. ಆಮೇಲೆ ಸಣ್ಣ ಧ್ವನಿಯಲ್ಲಿ ಕೇಳಿದ.

"ನಾ ಕೂಸಿನ ನೋಡಲೇ ಇಲ್ಲವ್ವಾ. ಯಾರ ಹಂಗ ಇತ್ತು?"

ಅವಳು ಗೋಡೆಯಿಂದ ಮುಖ ತಿರುಗಿಸಿದಳು. ಯಾರೂ ಇದನ್ನು ಕೇಳಿರಲಿಲ್ಲ.

"ಮೂಗು ನಮ್ಮ ಅವ್ವಂದಿತ್ತು," ಅಂದಳು. ತಡೆದು, "ಕಿವಿ ನಿಮ್ಮ ಹಂಗ ಇದ್ವು, ಬಾವಾರ. ದೊಡ್ಡವು."

"ನನ್ನ ಹಂಗ?" ಅಣ್ಣನ ಕೈ ತನ್ನ ಕಿವಿಗೆ ಹೋಯಿತು.

"ಹೌದ್ರಿ. ಎಣ್ಣಿ ಹಚ್ಚಾಗ ನಾವೆಲ್ಲಾರೂ ನಕ್ಕಿದ್ವಿ."

ಅವಳು ಅಳಲು ಶುರು ಮಾಡಿದಳು. ಅಳುತ್ತಲೇ ಕೂದಲಿನ ಬಗ್ಗೆ, ಮುಷ್ಟಿ ಹಿಡಿಯುತ್ತಿದ್ದ ರೀತಿಯ ಬಗ್ಗೆ, ಸೀನಿದರೆ ತಾನೇ ಬೆಚ್ಚಿಬೀಳುತ್ತಿದ್ದುದರ ಬಗ್ಗೆ ಹೇಳಿದಳು. ಅಣ್ಣ ಹೂಂ, ಹೂಂ ಎನ್ನುತ್ತ ಕೇಳಿದ. ಅವನ ಕಣ್ಣೀರು ಗಲ್ಲದ ಮೇಲಿಂದ ಇಳಿದು ಅಂಗಿ ಒದ್ದೆಯಾಗುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವಳ ಸೋದರತ್ತೆ ರೊಟ್ಟಿ ಹಾಲು ಕಲಸಿ ತಂದಿಟ್ಟದ್ದನ್ನು ಅವಳು ಮಾತಿನ ನಡುವೆ ತಿನ್ನತೊಡಗಿದಳು. ಅಣ್ಣನ ಕೈ ಮಾತ್ರ ಆವಾಗಿನಿಂದಲೂ ಅವನ ಕಿವಿಯ ಮೇಲೆಯೇ ಇತ್ತು.